ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುವುದೇಕೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಪಾಠ ಮಾಡುವ ಮೇಷ್ಟ್ರಿಗೆ ಕಾರಿನ ವಿಷಯ ಯಾಕೆ ಬೇಕು ಎಂದು ನಿಮ್ಮಲ್ಲಿ ಕೆಲವರು ಒಳಗೊಳಗೇ ನಗುತ್ತಿರಬಹುದು. ನನ್ನ ತರಗತಿಯ ಮಕ್ಕಳಲ್ಲಿ ಅನೇಕರ ತಂದೆಯಂದಿರು ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸುವವರು, ಇಲ್ಲವೇ ಗ್ಯಾರೇಜಿನಲ್ಲಿ ದುಡಿಯುವವರು. ಹಳೆಯ ಕಾರು ಕೊಂಡು ಅದರಲ್ಲೇ ಸಂಸಾರ ಸಾಗಿಸುವವರೂ ಇಲ್ಲಿದ್ದೀರಿ. ಆದ್ದರಿಂದ ನನ್ನ ಕಾರಿನ ಕಥೆಯನ್ನೇ ಹೇಳುತ್ತೇನೆ.

ನನ್ನದು 2003ರ ಮಾರುತಿ ಝೆನ್. 1993ರಿಂದ 2006ರವರೆಗೆ ತಯಾರಾದ ಗಾಡಿ ಅದು. ನನ್ನ ಕೈಗೆ ಬರುವ ಮೊದಲೇ ಇಬ್ಬರ ಕೈ ದಾಟಿತ್ತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನವಕ್ಕೆ ಡ್ರಮ್. ಒಂದು ಭಾನುವಾರ ಮನೆಯವರೊಂದಿಗೆ ನಂದಿಬೆಟ್ಟಕ್ಕೆ ಹೋಗಿದ್ದೆ. ಜಿಲ್ಲೆ ಬೇರೆಯಾದರೂ ದೊಡ್ಡಬಳ್ಳಾಪುರದವರಿಗೆ ಅದು ಹಿತ್ತಲಿನ ಬೆಟ್ಟವೇ. 1478 ಮೀಟರ್ ಎತ್ತರದಿಂದ ಇಳಿಯುವಾಗ, ತಿರುವಿನಲ್ಲಿ ಬ್ರೇಕ್ ಒತ್ತಿದೊಡನೆ ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗಿತು. ಕಾಲು ತೆಗೆದರೆ ಶಾಂತ. ಮತ್ತೆ ಒತ್ತಿದರೆ ಮತ್ತೆ ನಡುಕ.

ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೊಸ ಪ್ಯಾಡ್ ಹಾಕಿದರು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅದೇ ಹಾಡು. ವೀಲ್ ಬ್ಯಾಲೆನ್ಸಿಂಗ್ ಮಾಡಿದರು, ಇನ್ನೊಮ್ಮೆ ಮಾಡಿದರು. ದುಡ್ಡು ಹೋಯಿತು, ನಡುಕ ಉಳಿಯಿತು. ನಾನೂ ಅದಕ್ಕೆ ಒಗ್ಗಿಕೊಂಡೆ. ತಪ್ಪು ಮಾಡಿದ್ದು ಅಲ್ಲೇ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ಬಸ್ಸು ತಪ್ಪಿಸಿಕೊಂಡ ಮೂವರು ಹುಡುಗರನ್ನು ಕೂರಿಸಿಕೊಂಡು ದೇವನಹಳ್ಳಿ ರಸ್ತೆಯಲ್ಲಿ ಹೋಗುತ್ತಿದ್ದೆ. ಮುಂದಿನ ಲಾರಿ ಗಕ್ಕನೆ ನಿಂತಿತು. ನಡುಕಕ್ಕೆ ಹೆದರಿ ಹೆದರಿ ನನ್ನ ಕಾಲು ಬ್ರೇಕನ್ನು ಮೆಲ್ಲಗೆ ಒತ್ತುವುದನ್ನೇ ಕಲಿತುಬಿಟ್ಟಿತ್ತು! ಲಾರಿಯ ಹಿಂಬದಿಗೂ ನಮಗೂ ಒಂದು ಮೊಳ ಅಂತರ ಉಳಿಯಿತು. ಹುಡುಗರು ಪರೀಕ್ಷೆ ಬರೆದರು. ಹೊರಗೆ ಕುಳಿತಿದ್ದ ನನ್ನ ಕೈ ನಡುಕ ಮಾತ್ರ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಅಂದೇ ಸಂಜೆ ನಮ್ಮೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಅವರು ಸ್ಪಾನರ್ ಮುಟ್ಟುವ ಮೊದಲು ಕೇಳಿದ್ದು ಪ್ರಶ್ನೆಗಳನ್ನು. “ಮೇಷ್ಟ್ರೇ, ಬ್ರೇಕ್ ಒತ್ತದೆ 80ರಲ್ಲಿ ಹೋದಾಗಲೂ ನಡುಗುತ್ತದೆಯೇ?” ಇಲ್ಲವೆಂದೆ. ಹಾಗಾದರೆ ಬ್ಯಾಲೆನ್ಸಿಂಗ್ ದೋಷವಲ್ಲ. ಅದಿದ್ದರೆ ಒಂದು ನಿರ್ದಿಷ್ಟ ವೇಗದಲ್ಲಿ, ಬ್ರೇಕ್ ಒತ್ತದಿದ್ದರೂ ನಡುಕ ಬರುತ್ತದೆ. “ನಡುಕ ಕೈಗೋ, ಸೀಟಿಗೋ?” ಕೈಗೆ ಬಂದರೆ ಸಾಮಾನ್ಯವಾಗಿ ಮುಂದಿನ ಡಿಸ್ಕ್, ಸೀಟಿಗೆ ಬಂದರೆ ಹಿಂದಿನ ಡ್ರಮ್. ಸಂಶಯವಿದ್ದರೆ ಖಾಲಿಯಾದ, ಒಣಗಿದ, ನೇರ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆದು ನೋಡಬೇಕು. ಇಂಥ ಗಾಡಿಗಳಲ್ಲಿ ಅದು ಹಿಂದಿನ ಡ್ರಮ್ಮನ್ನು ಮಾತ್ರ ಹಿಡಿಯುತ್ತದೆ. ಆಗಲೂ ನಡುಗಿದರೆ ಕಳ್ಳ ಹಿಂದೆ ಇದ್ದಾನೆ. ನನ್ನ ಗಾಡಿ ಹಾಗೆ ನಡುಗಲಿಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಸದ್ದು ಬದಲಾದರೆ ಯಾವ ಭಾಗ ಸವೆದಿದೆ ಎಂದು ಅವರು ಕಿವಿಯಿಂದಲೇ ಹೇಳುತ್ತಾರೆ.

ಚಕ್ರ ಜಾಕ್ ಮೇಲೆ ಏರಿತು. ಮೇಲೆ ಕೆಳಗೆ ಹಿಡಿದು ಅಲುಗಿಸಿದರು: ಬಾಲ್ ಜಾಯಿಂಟ್, ಬೇರಿಂಗ್ ಗಟ್ಟಿ. ಎಡಬಲ ಹಿಡಿದು ಅಲುಗಿಸಿದರು: ಟೈ ರಾಡ್ ಎಂಡ್ ಗಟ್ಟಿ. ಇವು ಸಡಿಲವಾಗಿದ್ದರೆ ಅಥವಾ ಕೆಳಗಿನ ಆರ್ಮ್‌ನ ಬುಷ್ ಹರಿದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ಎಡ ಚಕ್ರವನ್ನು ಕೈಯಿಂದ ತಿರುಗಿಸಿದರೆ ಬಿಗಿಯಾಗಿತ್ತು. ಬಿಚ್ಚಿ ನೋಡಿದರೆ ಕ್ಯಾಲಿಪರ್ ಸರಿದಾಡುವ ಪಿನ್ ಗ್ರೀಸ್ ಒಣಗಿ ಸಿಕ್ಕಿಕೊಂಡಿತ್ತು. ಕಾಲು ತೆಗೆದರೂ ಪ್ಯಾಡ್ ಪೂರ್ತಿ ಬಿಡದೆ ಡಿಸ್ಕನ್ನು ಉಜ್ಜುತ್ತಲೇ ಇತ್ತು. ಡಿಸ್ಕ್ ಕಾದು, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದಿತ್ತು.

“ಡಿಸ್ಕ್ ಬೆಂಡಾಗಿದೆ” ಎಂದು ನಾವೆಲ್ಲ ಹೇಳುತ್ತೇವೆ. ಅನೇಕ ಸಲ ಅದು ಬಾಗಿರುವುದಿಲ್ಲ, ದಪ್ಪದಲ್ಲಿ ಹೆಚ್ಚುಕಡಿಮೆ ಆಗಿರುತ್ತದೆ. ಮಿಲಿಮೀಟರಿನ ನೂರರಲ್ಲಿ ಎರಡು ಭಾಗದಷ್ಟು ವ್ಯತ್ಯಾಸವೂ ಕೈಗೆ ತಿಳಿಯಬಹುದು. ಲೆಕ್ಕ ನೋಡಿ: 145/70 ಆರ್13 ಟೈರಿನ ಸುತ್ತಳತೆ ಸುಮಾರು 1.67 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.67 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಆ ದಪ್ಪ ಭಾಗ ಪ್ಯಾಡುಗಳ ನಡುವೆ ಬಂದು ಒಮ್ಮೆ ಜೋರಾಗಿ ಹಿಡಿಯುತ್ತದೆ. ಸೆಕೆಂಡಿಗೆ ಆ ಹತ್ತು ಎಳೆತಗಳು ಟೈ ರಾಡ್ ಮೂಲಕ ನೇರವಾಗಿ ನಮ್ಮ ಅಂಗೈಗೆ ಬರುತ್ತವೆ. ಇಂಥ ಡಿಸ್ಕಿನ ಮೇಲೆ ಎಷ್ಟು ಹೊಸ ಪ್ಯಾಡ್ ಹಾಕಿದರೇನು?

ಲೇತ್‌ನಲ್ಲಿ ಟರ್ನಿಂಗ್ ಮಾಡಿಸಬಹುದು, ಆದರೆ ಕನಿಷ್ಠ ದಪ್ಪಕ್ಕಿಂತ ಕೆಳಗೆ ಹೋಗಕೂಡದು. ಎಷ್ಟೋ ಡಿಸ್ಕುಗಳ ಮೇಲೆ ಆ ಅಳತೆಯನ್ನು ಕೊರೆದಿರುತ್ತಾರೆ. ನನ್ನವು ಆ ಮಿತಿಯ ಅಂಚಿನಲ್ಲಿದ್ದವು. ಎರಡೂ ಕಡೆಗೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದೆ. ಹಬ್ಬಿನ ತುಕ್ಕನ್ನು ಉಜ್ಜಿ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಅದೂ ಓರೆಯಾಗಿ ತಿರುಗುತ್ತದೆ ಎಂದು ಚಾಚಾ ಅರ್ಧ ಗಂಟೆ ಉಜ್ಜಿದರು. ಬ್ರೇಕಿನ ಧೂಳನ್ನು ಬಾಯಿಂದ ಊದಲು ಯಾರಿಗೂ ಬಿಡಲಿಲ್ಲ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ವಿಷ. ನಟ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದರು. ಇನ್ನು ಮೇಲೆ ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ, ಕಾದ ಬ್ರೇಕನ್ನು ಒತ್ತಿಕೊಂಡೇ ನಿಲ್ಲಬೇಡಿ ಎಂದರು. ಹಾಗೆ ನಿಂತರೆ ಪ್ಯಾಡಿನ ಪದರ ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ ನಡುಕ ಶುರುವಾಗುತ್ತದಂತೆ.

ಇನ್ನೊಂದು ಮಾತು. ಆ ಡಿಸ್ಕಿನ ಮೇಲಿದ್ದ ಇಂಗ್ಲಿಷ್ ಅಕ್ಷರ, ದಶಮಾಂಶ ಎರಡನ್ನೂ ಓದಿ ಹೇಳಿದವನು ಚಾಚಾನ ಬಳಿ ಕೆಲಸಕ್ಕಿರುವ ಹುಡುಗ. ಒಂಬತ್ತನೆಯ ತರಗತಿಗೆ ನಮ್ಮ ಶಾಲೆ ಬಿಟ್ಟವನು. “ನನ್ನ ಕಣ್ಣಿಗೆ ಕಾಣುವುದೂ ಇಲ್ಲ, ಓದಲು ಬರುವುದೂ ಇಲ್ಲ, ಇವನೇ ನನ್ನ ಕನ್ನಡಕ” ಎಂದರು ಚಾಚಾ. ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು. ಹುಡುಗ ಈಗ ಖಾಸಗಿಯಾಗಿ ಪರೀಕ್ಷೆ ಕಟ್ಟಲು ಒಪ್ಪಿದ್ದಾನೆ. ಗ್ಯಾರೇಜ್ ಮುಚ್ಚಿದ ಮೇಲೆ ಕನ್ನಡ ನಾನು ಹೇಳಿಕೊಡುತ್ತೇನೆ. ಗಣಿತಕ್ಕೆ ಒಬ್ಬರು ಬೇಕಾಗಿದ್ದಾರೆ. ಈ ಸಭೆಯಲ್ಲಿ ಯಾರಾದರೂ ಇದ್ದರೆ ಊಟದ ಹೊತ್ತಿಗೆ ನನ್ನನ್ನು ಕಾಣಬೇಕೆಂದು ಕೋರುತ್ತೇನೆ.