ಸಕ್ಕರೆ ಕಾಯಿಲೆ ಇದ್ದವರ ಬಾಯಿಯ ಆರೈಕೆ

ಸಕ್ಕರೆ ಕಾಯಿಲೆ ಎಂದೊಡನೆ ಕಣ್ಣು, ಮೂತ್ರಪಿಂಡ, ಪಾದ ಎಂದು ಹೆದರುತ್ತೀರಿ. ಬಾಯಿ ತೆರೆದು ತೋರಿಸುವವರು ಕಡಿಮೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಸೋಂಕು ಎದುರಿಸುವ ಶಕ್ತಿ ಕುಗ್ಗುತ್ತದೆ. ವಸಡು ಊದಿ, ರಕ್ತ ಒಸರಿ, ಹಲ್ಲು ಹಿಡಿದ ಎಲುಬು ಸವೆದು, ಹುಳುಕಿಲ್ಲದ ಹಲ್ಲೂ ಅಲ್ಲಾಡತೊಡಗುತ್ತದೆ. ಬಹಳ ದಿನ ನೋವೇ ಇರುವುದಿಲ್ಲ, ಅದೇ ಇದರ ಮೋಸ. ಇತ್ತ ವಸಡಿನ ಸೋಂಕು ಸಕ್ಕರೆಯನ್ನೂ ಏರಿಸುತ್ತದೆ. ವಸಡನ್ನು ಆಳವಾಗಿ ಶುಚಿಗೊಳಿಸಿದ ಮೂರ್ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು, ಅಂದರೆ 8 ಇದ್ದದ್ದು 7.6ಕ್ಕೆ, ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಮಾತ್ರೆ ಬಿಡುವಂತಿಲ್ಲ.

ಹಲ್ಲು ಅಲ್ಲಾಡುವವರು ರೊಟ್ಟಿ, ಮೊಳಕೆಕಾಳು, ಸೌತೆಕಾಯಿ ಬಿಟ್ಟು ಮೆತ್ತನ್ನಕ್ಕೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಇಳಿಯುತ್ತಾರೆ. ಸಕ್ಕರೆ ಮತ್ತೆ ಏರುತ್ತದೆ. ಬಾಯಿ ವಾಸನೆಗೆ ಅಂಜಿ ಮದುವೆ ಪಂಕ್ತಿಯಲ್ಲಿ ಕೂಡದವರು, ಸೆರಗು ಅಡ್ಡ ಹಿಡಿದು ನಗುವ ತಾಯಂದಿರು ಎಷ್ಟೋ ಜನ. ವಯಸ್ಸಾಯಿತಲ್ಲ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಅರವತ್ತಾದ ಮಾತ್ರಕ್ಕೆ ಹಲ್ಲು ಬೀಳಬೇಕೆಂದೇನೂ ಇಲ್ಲ.

ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಬೇಡಿ. ಮೆದು ಬ್ರಷ್ಷಿನಿಂದ, ಫ್ಲೋರೈಡ್ ಪೇಸ್ಟ್ ಹಚ್ಚಿ, ಬೆಳಿಗ್ಗೆಯೂ ಮಲಗುವ ಮುನ್ನವೂ ಉಜ್ಜಿರಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ. ತಂಬಾಕು ಬಿಡಿರಿ (ಎಲೆಯಡಿಕೆಯೊಳಗಿನದ್ದೂ ತಂಬಾಕೇ!). ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು ನೀರಿನಲ್ಲಿಡಿ. ಹಲ್ಲು ಕೀಳಿಸುವ ದಿನ, ವೈದ್ಯರು ಬೇರೆ ಹೇಳದಿದ್ದರೆ, ಉಪವಾಸ ಬರಬೇಡಿ; ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಕುಸಿದು ತಲೆಸುತ್ತು ಬಂದೀತು. ಬರುವಾಗ ರಕ್ತ ಪರೀಕ್ಷೆಯ ಚೀಟಿ, ಔಷಧದ ಚೀಟಿ ಎರಡನ್ನೂ ತನ್ನಿರಿ.