ಪೆಟ್ಟಿಗೆ, ಯಂತ್ರ ಮತ್ತು ಏಳು ಸೆಕೆಂಡಿನ ಚೀಟಿ

2024ರ ನವೆಂಬರ್‌ನಲ್ಲಿ ಶಿಗ್ಗಾಂವಿ ಉಪಚುನಾವಣೆಯ ಮತದಾನ ಮುಗಿದು, ಎಣಿಕೆ ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಹಾವೇರಿ ಬಳಿಯ ಯತ್ತಿನಹಳ್ಳಿಯ ಕಾಲುವೆಯಲ್ಲಿ ಮತಪೆಟ್ಟಿಗೆಗಳು ಸಿಕ್ಕವು. ಗುಲ್ಲೋ ಗುಲ್ಲು! ಅವು ಗೋದಾಮಿನಿಂದ ಕಳುವಾದ ಹಳೆಯ ಖಾಲಿ ಪೆಟ್ಟಿಗೆಗಳು ಎಂದು ಅಧಿಕಾರಿಗಳು ಸ್ಪಷ್ಟಪಡಿಸಬೇಕಾಯಿತು. ಉಪಚುನಾವಣೆ ನಡೆದದ್ದು ಮತಯಂತ್ರದಲ್ಲಿ.

ಹಾವೇರಿ ಜಿಲ್ಲೆಯ ಯಲವಿಗಿಯಂಥ ಊರಿನ ಮತದಾರರಿಗೆ ಪೆಟ್ಟಿಗೆ, ಯಂತ್ರ ಎರಡೂ ಗೊತ್ತು. ಶಾಸಕ, ಸಂಸದರ ಆಯ್ಕೆಗೆ ಗುಂಡಿ ಒತ್ತುವವರೇ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿಗೆ ಮತಪತ್ರದ ಮೇಲೆ ಠಸ್ಸೆ ಒತ್ತಿದರು. ಆ ಸಲ ಪಂಚಾಯಿತಿಗೂ ಯಂತ್ರ ಬಳಸಿದ್ದು ಬೀದರ್ ಜಿಲ್ಲೆ.

ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ತೆಗೆದುಕೊಳ್ಳುವುದಿಲ್ಲ. ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮತಪತ್ರಕ್ಕೆ ಠಸ್ಸೆ ಒತ್ತುತ್ತಿದ್ದವರ ಆಟ ಇಲ್ಲಿ ಸುಲಭವಲ್ಲ. ಎರಡು ಚಿಹ್ನೆಗಳ ನಡುವೆ ಠಸ್ಸೆ ಬಿದ್ದು ಮತ ತಿರಸ್ಕೃತವಾಗುವ ಗೋಳೂ ಇಲ್ಲ. ಆದರೆ ಯಂತ್ರಕ್ಕೂ ಮಿತಿಯಿದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಲ್ಲಿ 456 ಮಂದಿ ಕಣದಲ್ಲಿದ್ದರು. ಇಂದಿನ ಎಂ-3 ಯಂತ್ರ ಹಿಡಿಸುವುದು 384 ಹೆಸರುಗಳನ್ನು.

ಅಪಾಯ ಬೇರೆಡೆ ಇತ್ತು. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಆಗ ಯಂತ್ರದೊಳಗಿನ ಮತಗಳನ್ನು ಮರುಎಣಿಕೆ ಮಾಡುವುದೆಂದರೆ ಅದೇ ಅಂಕಿಯನ್ನು ಇನ್ನೊಮ್ಮೆ ಓದುವುದಷ್ಟೇ. ಕೈಯಲ್ಲಿ ಹಿಡಿದು ನೋಡಲು ಕಾಗದವಿರಲಿಲ್ಲ.

ಆ ಕೊರತೆ ನೀಗಿಸಲು, ಹಾಕಿದ ಮತವನ್ನು ಕಾಗದದ ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಬಂತು. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ ಮೊದಲು ಬಳಕೆಯಾಯಿತು. ಮತದಾರರಿಗೆ ಚೀಟಿ ಕಾಣುವುದು ಏಳು ಸೆಕೆಂಡು. 2019ರ ಸುಪ್ರೀಂ ಕೋರ್ಟ್ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಯಂತ್ರದ ಲೆಕ್ಕಕ್ಕೆ ತಾಳೆ ಹಾಕುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಕೋರ್ಟ್ ತಳ್ಳಿಹಾಕಿತು. ಆದರೆ ಎರಡನೇ, ಮೂರನೇ ಸ್ಥಾನ ಪಡೆದವರು ಕೇಳಿದರೆ, ಅವರ ಖರ್ಚಿನಲ್ಲಿ ಶೇ 5ರಷ್ಟು ಯಂತ್ರಗಳನ್ನು ಪರೀಕ್ಷಿಸಲು ದಾರಿ ಬಿಟ್ಟಿತು.

ಕಾಗದವೂ ಜಗಳದಿಂದ ಹೊರತಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳ ಅಂತರಕ್ಕೆ ಇಳಿದಾಗ ರಾತ್ರಿಯವರೆಗೆ ವಾದ ನಡೆದದ್ದು ತಿರಸ್ಕೃತ ಅಂಚೆ ಮತಪತ್ರಗಳ ಮೇಲೆ. ಪೆಟ್ಟಿಗೆಗೂ ಯಂತ್ರಕ್ಕೂ ಸಂಬಂಧವಿಲ್ಲದ ಜಗಳವೂ ಇದೆ: ಅದೇ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ಅಳಿಸಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲನೆಯಲ್ಲಿ ಸರಿಯಿದ್ದದ್ದು 24 ಮಾತ್ರ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಶಿಫಾರಸು ಮಾಡಿತು. ಪೆಟ್ಟಿಗೆ ಮರಳಿದರೆ ತಿರಸ್ಕೃತ ಮತಗಳೂ ತಡವಾದ ಎಣಿಕೆಯೂ ಜೊತೆಗೇ ಮರಳುತ್ತವೆ. ಆಳಂದದಂಥ ಅರ್ಜಿಗಳನ್ನು ತಡೆಯುವ ಕೆಲಸವಂತೂ ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ, ಮನೆಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸುವ ಮತಗಟ್ಟೆ ಮಟ್ಟದ ಅಧಿಕಾರಿಗಳ (ಬಿಎಲ್‌ಒ) ಪಾಲಿನದು.