ಹೊಳೆಗೆ ಹರಿದ ಔಷಧ
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಮಾತ್ರೆಯೊಂದಕ್ಕೆ ಔಷಧದಂಗಡಿಯಲ್ಲಿ ಬೆಲೆ ತೆತ್ತು ಬರುವವರು ನಾವು. ಅದೇ ಔಷಧ ಹಳ್ಳದಲ್ಲಿ ಬಿಟ್ಟಿಯಾಗಿ ಹರಿಯಿತೆಂದರೆ ನಂಬುವಿರಾ? ಹೈದರಾಬಾದಿನ ಮಗ್ಗುಲಿನ ಪಟಾನ್‌ಚೆರುವಿನಲ್ಲಿ ಹರಿಯಿತು.

ಅಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಹೊಲಸು ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಅಲ್ಲಿಂದ ಹೊರಬಿದ್ದ ನೀರು ಇಸಕವಾಗು, ನಕ್ಕವಾಗುಗಳ ಮೂಲಕ ಮಾಂಜ್ರಾಕ್ಕೆ ಸೇರುತ್ತಿತ್ತು. ನಮ್ಮ ಬೀದರ ಜಿಲ್ಲೆಯನ್ನು ದಾಟಿ ತೆಲಂಗಾಣಕ್ಕೆ ಹೋಗುವ ಮಾಂಜ್ರಾ ಅದೇ. ಸ್ವೀಡನ್ನಿನ ವಿಜ್ಞಾನಿ ಲಾರ್ಸನ್ ಮತ್ತು ಸಂಗಡಿಗರು ಘಟಕದ ನೀರನ್ನು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್! ಅದನ್ನು ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟಿರುವುದಿಲ್ಲ. ಒಂದು ಕೊಡ ನೀರಿಗೆ ಹೆಚ್ಚುಕಡಿಮೆ ಒಂದು ಮಾತ್ರೆ. ದಿನಕ್ಕೆ ಹರಿದುಹೋದದ್ದು 45 ಕಿಲೋ, ಎಂದರೆ 500 ಮಿಲಿಗ್ರಾಮಿನ 90,000 ಮಾತ್ರೆ. ಆಗ 90 ಲಕ್ಷ ಜನರಿದ್ದ ಸ್ವೀಡನ್ ದೇಶಕ್ಕೆ ಐದು ದಿನ ಸಾಕಾಗುವಷ್ಟು.

ರೋಗಾಣು ಸತ್ತರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರುಂಟು. ಎಲ್ಲವೂ ಸಾಯುವುದಿಲ್ಲ. ಔಷಧವನ್ನು ತಾಳಬಲ್ಲ ಕೆಲವು ಉಳಿಯುತ್ತವೆ. ಸತ್ತವುಗಳ ಜಾಗದಲ್ಲಿ ಅವುಗಳ ಸಂತಾನವೇ ತುಂಬುತ್ತದೆ. ಇನ್ನೂ ಕೆಟ್ಟದ್ದೆಂದರೆ, ತಾಳಿಕೊಳ್ಳುವ ಗುಣವನ್ನು ಒಂದು ಜಾತಿಯ ಅಣುಜೀವಿ ಬೇರೆ ಜಾತಿಗೂ ದಾಟಿಸಬಲ್ಲದು. ನಿರುಪದ್ರವಿಯಾದ ಕೆಸರಿನ ಜೀವಿಯಿಂದ ಕಾಯಿಲೆ ತರುವ ಜೀವಿ ಅದನ್ನು ಪಡೆದೀತು. ಆ ಘಟಕದಲ್ಲಿ ಕೊಳೆಯನ್ನು ತಿನ್ನುವ ಅಣುಜೀವಿಗಳು ಚೆನ್ನಾಗಿ ಬೆಳೆಯಲೆಂದು ಊರಿನ ಮಲಮೂತ್ರದ ನೀರನ್ನೂ ಬೆರೆಸುತ್ತಿದ್ದರು. ಮನುಷ್ಯನ ಕರುಳಿನ ಜೀವಿಗಳನ್ನು ಔಷಧದ ತೊಟ್ಟಿಯಲ್ಲಿ ಸಾಕಿದಂತಾಯಿತು; ಇದಕ್ಕೆ ಶುದ್ಧೀಕರಣವೆಂದು ಹೆಸರು! ಅಲ್ಲಿಂದ ಬೆಳೆಸಿದ 93 ತಳಿಗಳನ್ನು 39 ಔಷಧಗಳಿಗೆ ಒಡ್ಡಿ ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನೂರಕ್ಕೆ 86 ತಳಿಗಳು 20 ಅಥವಾ ಹೆಚ್ಚು ಔಷಧಗಳಿಗೆ ಜಗ್ಗಲಿಲ್ಲ.

ವಿಷಮಶೀತ ಜ್ವರಕ್ಕೆ ಒಂದು ಕಾಲದಲ್ಲಿ ಸಿಪ್ರೊಫ್ಲಾಕ್ಸಸಿನ್ ರಾಮಬಾಣವಾಗಿತ್ತು. ಇಂದು ನಮ್ಮ ದೇಶದಲ್ಲಿ ಅದನ್ನು ನೆಚ್ಚಿ ಚಿಕಿತ್ಸೆ ಕೊಡುವಂತಿಲ್ಲ. ಇದಕ್ಕೆ ಒಂದು ಹೊಳೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಚೀಟಿಯಿಲ್ಲದೆ ಮಾತ್ರೆ ಮಾರುವುದೂ ಉಂಟು, ಕೋಳಿಸಾಕಣೆಯವರು ಬಳಸುವುದೂ ಉಂಟು. ಆದರೆ ಅಗ್ಗದ ಮಾತ್ರೆ ಸೋತಾಗ ಉಳ್ಳವನು ಇಂಜೆಕ್ಷನ್ನಿಗೆ ಹೋಗುತ್ತಾನೆ, ಕೂಲಿಯವನು ಸಾಲಕ್ಕೆ ಹೋಗುತ್ತಾನೆ.

ಮುಂದೇನಾಯಿತು? ಆ ಘಟಕದ ನೀರನ್ನು ಕೊಳವೆಯಲ್ಲಿ ಹೈದರಾಬಾದಿನ ಅಂಬರ್‌ಪೇಟೆಯ ಕೊಳಚೆ ಘಟಕಕ್ಕೆ ತಿರುಗಿಸಿದರು. ಅದರ ನೀರು ಮೂಸಿಗೆ, ಮೂಸಿ ಕೃಷ್ಣೆಗೆ. ಗೋದಾವರಿಯ ಪಾಲಿನದು ಕೃಷ್ಣೆಯ ಪಾಲಿಗೆ ಬಂತು, ಅಷ್ಟೆ. 2020ರ ಜನವರಿಯಲ್ಲಿ ಕೇಂದ್ರ ಸರಕಾರ ಕಾರ್ಖಾನೆಯ ನೀರಿನಲ್ಲಿ ಆಂಟಿಬಯಾಟಿಕ್ ಎಷ್ಟಿರಬಹುದೆಂದು ಮಿತಿ ಗೊತ್ತುಮಾಡುವ ಕರಡು ಹೊರಡಿಸಿತು. 2021ರಲ್ಲಿ ಕಟ್ಟಳೆ ಬಂದಾಗ ಆ ಮಿತಿಗಳೇ ಮಾಯ! ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಕೊಟ್ಟಿದೆ. ಅದು ಸಲಹೆ, ಕಾನೂನಲ್ಲ.

ಕಾರ್ಖಾನೆ ಮುಚ್ಚಿರೆಂದು ನಾವು ಕೇಳುತ್ತಿಲ್ಲ. ಅಲ್ಲಿ ದುಡಿಯುವವರು ನಮ್ಮವರೇ, ಅಗ್ಗದ ಔಷಧ ಬೇಕಾದವರೂ ನಾವೇ. ಕೈಬಿಟ್ಟ ಮಿತಿಗಳನ್ನು ಮರಳಿ ಕಟ್ಟಳೆಗೆ ಸೇರಿಸಬೇಕು. ಹೊಲಸನ್ನು ಊರ ಚರಂಡಿಯೊಡನೆ ಬೆರೆಸುವ ಮೊದಲೇ, ಪ್ರತಿ ಕಾರ್ಖಾನೆಯ ಬಾಗಿಲಲ್ಲಿ ಅಳೆಯಬೇಕು. ಅಳೆದ ಅಂಕಿಯನ್ನು ಕೆಳದಂಡೆಯ ಹಳ್ಳಿಗಳ ಪಂಚಾಯಿತಿ ಗೋಡೆಯ ಮೇಲೆ ತಿಂಗಳು ತಿಂಗಳೂ ಬರೆಯಿಸಬೇಕು.